ಬೆಲ್ಟು ಕಿರುಚಿದರೆ

(ಸಂಘದ ರವಿವಾರದ ಕೂಟದಲ್ಲಿ ಚಾಲಕ, ಕ್ಲೀನರ್ ಮತ್ತು ಗ್ಯಾರೇಜು ಕೆಲಸಗಾರ ಸದಸ್ಯರಿಗಾಗಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಪಗಾರು, ಬೋನಸ್ಸು, ಮಕ್ಕಳ ಶಾಲೆ, ಊರಿನ ಮಳೆ ಬೆಳೆ ಇವುಗಳ ಮಾತು ನಡೆಯುತ್ತದೆ. ಇಂದು ನಾವು ಆರಿಸಿಕೊಂಡಿರುವ ವಿಷಯ ಬೆರಳಿನಷ್ಟು ಅಗಲದ ಒಂದು ರಬ್ಬರಿನ ಪಟ್ಟಿ. ಇದೂ ಒಂದು ಭಾಷಣದ ವಿಷಯವೇ ಎಂದು ಹಿಂದೆ ಕೂತ ಮಿತ್ರರು ನಗುತ್ತಿದ್ದಾರೆ. ನಗಲಿ. ಆದರೆ ನಮ್ಮ ಸದಸ್ಯರಲ್ಲಿ ಟೆಂಪೋ ಓಡಿಸುವವರು ಬಹಳ ಮಂದಿ ಇದ್ದಾರೆ. ಗಾಡಿ ಮಾಲೀಕರದು, ದುಡಿಮೆ ನಮ್ಮದು. ಗಾಡಿ ದಾರಿಯಲ್ಲಿ ನಿಂತ ದಿನ ಖೇಪಿನ ಹಣ ಹೋಗುತ್ತದೆ, ಬೈಗುಳ ಬರುತ್ತದೆ, ರಿಪೇರಿಯ ಖರ್ಚಿನಲ್ಲಿ ಒಂದು ಪಾಲು ನಮ್ಮ ಪಗಾರಿನಿಂದಲೇ ಮುರಿಯುವುದೂ ಉಂಟು. ಇಷ್ಟಕ್ಕೆಲ್ಲ ಕಾರಣವಾಗುವ ವಸ್ತುವಿನ ಬಗ್ಗೆ ಅರ್ಧ ಗಂಟೆ ಮಾತನಾಡಿದರೆ ಹೆಚ್ಚಾಯಿತೆಂದು ನಾವು ತಿಳಿದಿಲ್ಲ.

ಕಾಗದಪತ್ರದಲ್ಲಿ ಪಿಕಪ್ ಎಂದು ಬರೆದಿರುವ ಗಾಡಿಯನ್ನು ಮುಂಬಯಿಯಲ್ಲಿ ಎಲ್ಲರೂ ಟೆಂಪೋ ಎನ್ನುತ್ತಾರೆ. ಮಹೀಂದ್ರದ ಬೊಲೆರೊ ಪಿಕಪ್, ಟಾಟಾದ 207, ಇವುಗಳ ಹಳೆಯ ಡೀಸೆಲ್ ಗಾಡಿಗಳು ನಮ್ಮ ಮನಸ್ಸಿನಲ್ಲಿವೆ. ಹತ್ತು ಹನ್ನೆರಡು ವರ್ಷ ದುಡಿದ ಇಂಥ ಗಾಡಿಯನ್ನು ಬೆಳಗಿನ ಜಾವ ಚಾಲೂ ಮಾಡಿದ ಕೂಡಲೆ ಬಾನೆಟ್ಟಿನೊಳಗಿಂದ ಕೀಂ ಎಂದು ಕಿವಿ ಸೀಳುವ ದನಿ ಬರುತ್ತದೆ. ಚಾಳಿನ ಮಕ್ಕಳೆಲ್ಲ ಏಳುತ್ತವೆ. ಒಂದೆರಡು ನಿಮಿಷದಲ್ಲಿ ದನಿ ತಾನೇ ನಿಲ್ಲುತ್ತದೆ. ನಿಂತಿತಲ್ಲ ಎಂದು ನಾವು ಗಿಯರು ಹಾಕಿ ಹೊರಡುತ್ತೇವೆ. ದನಿ ನಿಂತರೂ ಅದಕ್ಕೆ ಕಾರಣವಾದದ್ದು ಒಳಗೇ ಇರುತ್ತದೆ.

ಮೊದಲು ಈ ಪಟ್ಟಿಯ ಕೆಲಸವೇನೆಂದು ನೋಡೋಣ. ಎಂಜಿನಿನ ಮುಂಭಾಗದಲ್ಲಿ, ಕೆಳಗೆ, ಕ್ರ್ಯಾಂಕಿನ ತುದಿಗೆ ಒಂದು ಪುಲ್ಲಿ ಇದೆ. ಎಂಜಿನು ತಿರುಗಿದರೆ ಅದು ತಿರುಗುತ್ತದೆ. ಅದರ ಮೇಲಿನಿಂದ ಹೊರಟ ಬೆಲ್ಟು ನೀರಿನ ಪಂಪನ್ನೂ ಅದರ ಮೂತಿಗೆ ಕೂಡಿಸಿದ ಫ್ಯಾನನ್ನೂ ತಿರುಗಿಸಿ, ಅಲ್ಲಿಂದ ಆಲ್ಟರ್ನೇಟರಿಗೆ ಹೋಗಿ ಮರಳುತ್ತದೆ. ಆಲ್ಟರ್ನೇಟರನ್ನು ನಮ್ಮ ಹಳೆಯ ಮಿಸ್ತ್ರಿಗಳು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ; ಹಾಗೆಯೇ ಕರೆಯೋಣ. ಪವರ್ ಸ್ಟಿಯರಿಂಗು ಇದ್ದ ಗಾಡಿಯಲ್ಲಿ ಅದರ ಪಂಪಿಗೂ ಬೆಲ್ಟೇ ಆಧಾರ. ಹಳೆಯ ಗಾಡಿಗಳಲ್ಲಿ ಇದು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿರುತ್ತದೆ. ನಂತರ ಬಂದ ಗಾಡಿಗಳಲ್ಲಿ ಚಪ್ಪಟೆಯಾಗಿ, ಒಳಮೈಯಲ್ಲಿ ಉದ್ದುದ್ದ ಗೆರೆಗಳುಳ್ಳ ಬೆಲ್ಟು ಇದೆ.

ವಿ ಬೆಲ್ಟಿನ ಗುಟ್ಟು ಅದರ ಓರೆಯಾದ ಎರಡು ಪಕ್ಕೆಗಳಲ್ಲಿದೆ. ಕಟ್ಟಿಗೆ ಸೀಳುವಾಗ ಬಿರುಕಿಗೆ ಬೆಣೆ ಹೊಡೆಯುತ್ತೇವಲ್ಲ, ಅದೇ ರೀತಿ ಬೆಲ್ಟು ಪುಲ್ಲಿಯ ಗಾಡಿಯೊಳಗೆ ಬೆಣೆಯಂತೆ ಕೂಡುತ್ತದೆ. ಗಾಡಿ ಎಂದರೆ ಇಲ್ಲಿ ಪುಲ್ಲಿಯ ಹಳ್ಳ ಎಂದು ತಿಳಿಯಬೇಕು, ಟೆಂಪೋ ಅಲ್ಲ. ಎಳೆದಷ್ಟೂ ಪಕ್ಕೆಗಳು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಬೆಲ್ಟಿನ ತಳ ಮಾತ್ರ ಆ ಹಳ್ಳದ ತಳಕ್ಕೆ ಎಂದೂ ತಾಗಬಾರದು. ತಾಗಿದರೆ ಬೆಣೆಯ ಹಿಡಿತ ಹೋಯಿತು, ಬೆಲ್ಟು ಬರಿಯ ಹಗ್ಗದಂತಾಯಿತು. ಆದುದರಿಂದ ಪುಲ್ಲಿಯ ಹಳ್ಳದ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಈ ಬೆಣೆಯಾಕಾರದ ರಬ್ಬರಿನ ಬೆಲ್ಟನ್ನು 1917ರಲ್ಲಿ ಅಮೇರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ಎಂಬವರು ರೂಪಿಸಿದರು. ಅದಕ್ಕೂ ಮೊದಲು ಹೆಚ್ಚಾಗಿ ಚಪ್ಪಟೆ ಚರ್ಮದ ಪಟ್ಟೆಗಳೇ ಇದ್ದವು. ಪರಳ, ಲಾಲಬಾಗಿನ ಗಿರಣಿಗಳಲ್ಲಿ ಚಾವಣಿಯ ಉದ್ದಕ್ಕೂ ಒಂದು ದಂಡ ತಿರುಗುತ್ತಿದ್ದು, ಅದರಿಂದ ಒಂದೊಂದು ಮಗ್ಗಕ್ಕೂ ಒಂದೊಂದು ಪಟ್ಟೆ ಇಳಿಯುತ್ತಿದ್ದ ಕಾಲವಿತ್ತು. ಚರ್ಮ ಒಣಗಿ ಜಾರತೊಡಗಿದರೆ ಅದಕ್ಕೆ ರಾಳ ಹಚ್ಚುವ ಪದ್ಧತಿ ಇತ್ತು.  ಆ ಪದ್ಧತಿಯೇ ಇಂದಿಗೂ ನಮ್ಮ ಬೆರಳುಗಳಲ್ಲಿ ಉಳಿದುಬಂದಿದೆಯೋ ಏನೋ, ರಬ್ಬರಿನ ಬೆಲ್ಟು ಕಿರುಚಿದರೂ ಏನಾದರೂ ಹಚ್ಚಬೇಕೆಂದು ಕೈ ತುರಿಸುತ್ತದೆ. ಸಾಬೂನು, ಮೇಣದ ಬತ್ತಿ, ಡಬ್ಬಿಯಿಂದ ಸಿಂಪಡಿಸುವ ಅಂಟುನೀರು, ಒಬ್ಬೊಬ್ಬರದು ಒಂದೊಂದು ವೈದ್ಯ. ಇದರ ಬಗ್ಗೆ ಮುಂದೆ ಇನ್ನೊಂದು ಮಾತು ಹೇಳುವುದಿದೆ.

ದನಿ ಏಕೆ ಹುಟ್ಟುತ್ತದೆ? ಪುಲ್ಲಿ ತಿರುಗಲು ಒಪ್ಪದೆ ಹಿಂದೆ ಎಳೆಯುತ್ತದೆ, ಬೆಲ್ಟು ಮುಂದೆ ಎಳೆಯುತ್ತದೆ. ಹಿಡಿತ ಸಾಲದಾದಾಗ ಬೆಲ್ಟು ಜಾರುತ್ತದೆ, ಮರುಕ್ಷಣ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ಹೀಗಾದರೆ ಅದೇ ಕಿರುಚು. ಒದ್ದೆಯಾದ ಬೆರಳನ್ನು ಗಾಜಿನ ಲೋಟದ ಅಂಚಿಗೆ ಉಜ್ಜಿದಾಗ ಬರುವ ದನಿಗೂ ಇದಕ್ಕೂ ಕುಲ ಒಂದೇ. ಸಾಮಾನ್ಯವಾಗಿ ಜಾರುವುದು ಡೈನಮೋದ ಮೇಲೆ. ಅದರ ಪುಲ್ಲಿ ಎಲ್ಲಕ್ಕಿಂತ ಚಿಕ್ಕದು; ಬೆಲ್ಟು ಅದನ್ನು ಅಪ್ಪಿಕೊಳ್ಳುವ ಜಾಗವೂ ಕಡಿಮೆ; ಎಂಜಿನಿಗಿಂತ ಎರಡರಿಂದ ಮೂರು ಪಟ್ಟು ವೇಗವಾಗಿ ತಿರುಗುವುದೂ ಅದೇ. ಅದರ ಮೇಲಿನ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ. 14 ವೋಲ್ಟಿನಲ್ಲಿ 60 ಆಂಪಿಯರ್ ಕೊಡುವಾಗ ಹೊರಬರುವ ವಿದ್ಯುತ್ತು 840 ವ್ಯಾಟು. ಒಂದು ಅಶ್ವಶಕ್ತಿಗೆ 746 ವ್ಯಾಟು. ಡೈನಮೋ ತನ್ನೊಳಗೇ ನುಂಗುವ ಶಕ್ತಿಯನ್ನೂ ಸೇರಿಸಿದರೆ ಬೆಲ್ಟು ಅದಕ್ಕಾಗಿ ಸುಮಾರು ಎರಡು ಕುದುರೆಯ ಶಕ್ತಿಯನ್ನು ಹೊರಬೇಕಾಗುತ್ತದೆ. ಬೆರಳಗಲದ ಪಟ್ಟಿ!

ಇಷ್ಟು ತಿಳಿದ ಮೇಲೆ ಬೆಳಗಿನ ಕಿರುಚಿನ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಚಾಲೂ ಮಾಡಲು ಬ್ಯಾಟರಿ ತನ್ನ ಶಕ್ತಿಯನ್ನು ವೆಚ್ಚ ಮಾಡಿದೆ. ಎಂಜಿನು ಹತ್ತಿದೊಡನೆ ಡೈನಮೋ ಅದನ್ನು ತುಂಬಲು ತೊಡಗುತ್ತದೆ. ಆಗ ಅದರ ಮೇಲೆ ಭಾರ ಹೆಚ್ಚು. ಬೆಲ್ಟೋ ತಣ್ಣಗೆ ಬಿಗಿದುಕೊಂಡಿದೆ, ಮೇಲೆ ಇಬ್ಬನಿಯ ತೇವವೂ ಇರಬಹುದು. ಜಾರುತ್ತದೆ. ಬ್ಯಾಟರಿ ತುಂಬುತ್ತ ಬಂದಂತೆ ಭಾರ ಇಳಿದು ದನಿ ಅಡಗುತ್ತದೆ. ಈ ಕಾರಣದಿಂದಲೇ ಒಂದು ಮಾತನ್ನು ನಾವು ಒತ್ತಿ ಹೇಳುತ್ತೇವೆ: ಕಿರುಚುವುದು ಬೆಲ್ಟಾದರೂ ರೋಗ ಬ್ಯಾಟರಿಯಲ್ಲಿರಬಹುದು. ಮುದಿ ಬ್ಯಾಟರಿ, ಇಲ್ಲವೆ ಬಿಳಿ ಹಸಿರು ಪುಡಿ ಹಿಡಿದ ಟರ್ಮಿನಲು ಇದ್ದರೆ ಡೈನಮೋ ಹೊತ್ತುಗಟ್ಟಲೆ ದುಡಿಯುತ್ತದೆ. ಹೊಸ ಬೆಲ್ಟು ಹಾಕಿದರೂ ಹದಿನೈದು ದಿನದಲ್ಲಿ ದನಿ ತಿರುಗಿ ಬರುತ್ತದೆ. ಮಿಸ್ತ್ರಿಯ ಹತ್ತಿರ ಮೀಟರಿದ್ದರೆ ನೋಡಿಸಿಕೊಳ್ಳಿ. ಗಾಡಿ ಕೆಲವು ಗಂಟೆ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸಬೇಕು. ಎಂಜಿನು ಓಡುವಾಗ 13.8ರಿಂದ 14.4ರೊಳಗೆ ಇರಬೇಕು.

ಹಾಗಾದರೆ ಪರೀಕ್ಷೆಯನ್ನು ಕಿವಿಯಿಂದಲೇ ಪ್ರಾರಂಭಿಸಬೇಕು. ದನಿ ಯಾವಾಗ ಬರುತ್ತದೆ? ಹೆಡ್‌ಲೈಟು ಹಾಕಿದಾಗ ಏರಿದರೆ ಡೈನಮೋದ ಕಡೆ ನೋಡಿ. ಸ್ಟಿಯರಿಂಗನ್ನು ಕೊನೆಯ ತನಕ ತಿರುಗಿಸಿದಾಗ ಬಂದರೆ ಪವರ್ ಸ್ಟಿಯರಿಂಗಿನ ಬೆಲ್ಟು. ಆಕ್ಸಿಲರೇಟರನ್ನು ಒಮ್ಮೆಲೆ ಒತ್ತಿದಾಗ ಕೀಂ ಎಂದು ಉದ್ದಕ್ಕೆ ಎಳೆದರೆ ಜಾರುವಿಕೆ. ಹಾಗಲ್ಲದೆ ಚೀಂವ್ ಚೀಂವ್ ಎಂದು ಗುಬ್ಬಿಯಂತೆ ಬಿಟ್ಟು ಬಿಟ್ಟು ಕೂಗುತ್ತ, ಎಂಜಿನಿನ ವೇಗ ಏರಿದಂತೆ ಕೂಗೂ ಬೇಗ ಬೇಗನೆ ಆಗುತ್ತಿದ್ದರೆ ಅದು ಬೇರೆಯೇ ಸಂಗತಿ. ಆಗ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಬೆಲ್ಟು ಓರೆಯಾಗಿ ಹಳ್ಳದೊಳಗೆ ಇಳಿಯುತ್ತಿದೆ ಎಂದು ಅನುಮಾನ ಪಡಬೇಕು. ಗರಗರ, ಗುರ್ ಎಂದು ಕಲ್ಲು ಅರೆದಂಥ ದನಿಯಾದರೆ ಬೇರಿಂಗು. ಕ್ಲಚ್ಚು ಒತ್ತಿದಾಗ ಮಾತ್ರ ದನಿ ಬಂದರೆ, ಅಥವಾ ಒತ್ತಿದೊಡನೆ ನಿಂತರೆ, ಬೆಲ್ಟನ್ನು ಬಿಟ್ಟುಬಿಡಿ; ಅದು ಗಿಯರು ಬಾಕ್ಸಿನ ಕಡೆಯ ಮಾತು.

ಮಳೆಗಾಲದ ಬಗ್ಗೆಯೂ ಕೇಳುವವರುಂಟು. ಹಿಂದಮಾತಾದಲ್ಲಿಯೋ ಮಿಲನ್ ಸಬ್‌ವೇ ಹತ್ತಿರವೋ ನಿಂತ ನೀರಿನಲ್ಲಿ ಗಾಡಿ ನುಗ್ಗಿಸಿ ಬಂದ ಮೇಲೆ ಬೆಲ್ಟು ಕಿರುಚಿ, ಒಣಗಿದೊಡನೆ ಸುಮ್ಮನಾದರೆ ಗಾಬರಿಯಾಗಬೇಕಿಲ್ಲ. ಆದರೆ ಆ ನೀರಿನ ಜತೆ ಬಂದ ಮರಳು ಕೆಸರು ಹಳ್ಳಗಳಲ್ಲಿ ಕೂತು ಬೆಲ್ಟನ್ನು ಅರದಂತೆ ತೇಯುತ್ತದೆ. ಮನೆಗೆ ಬಂದ ಮೇಲೆ ಎಂಜಿನು ತಣ್ಣಗಾದಾಗ ಸ್ವಚ್ಛ ನೀರಿನಿಂದ ತೊಳೆದರಾಯಿತು.

ಇನ್ನು ಕೈ ಹಾಕುವ ಕೆಲಸ. ಕೈ ಹಾಕುವ ಮೊದಲು ಎಂಜಿನು ಬಂದು ಮಾಡಿ, ಕೀಲಿಯನ್ನು ತೆಗೆದು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಗಾಡಿಯಲ್ಲಿ ಬಿಡಬೇಡಿ, ಕ್ಲೀನರ್ ಹುಡುಗನ ಕೈಗೂ ಕೊಡಬೇಡಿ. ನೀವು ಒಳಗೆ ಬಗ್ಗಿರುವಾಗ ಇನ್ನೊಬ್ಬರು ಚಾಲೂ ಮಾಡಿದರೆ ಬೆಲ್ಟು ಪುಲ್ಲಿಗಳ ನಡುವೆ ಬೆರಳು ಉಳಿಯುವುದಿಲ್ಲ. ಎಂಜಿನು ಓಡುತ್ತಿರುವಾಗ ನೋಡುವ ಪ್ರಸಂಗ ಬಂದರೆ ಕೊರಳ ಟವೆಲು, ಜೋಲು ತೋಳಿನ ಅಂಗಿ, ಲುಂಗಿಯ ಚುಂಗು ಯಾವುದೂ ಫ್ಯಾನಿನ ಹತ್ತಿರ ಸುಳಿಯಕೂಡದು. ಇದು ಅತಿಯಾದ ಎಚ್ಚರಿಕೆ ಎನ್ನುವವರು ಒಮ್ಮೆ ಗ್ಯಾರೇಜು ಸಾಲಿನಲ್ಲಿ ನಡೆದು ಮಿಸ್ತ್ರಿಗಳ ಬೆರಳುಗಳನ್ನು ಎಣಿಸಿ ಬರಲಿ.

ಎಂಜಿನು ನಿಂತಿರುವಾಗ ಬೆಲ್ಟನ್ನು ಎರಡು ಬೆರಳುಗಳಲ್ಲಿ ಹಿಡಿದು ತಿರುವಿ ಅದರ ಪಕ್ಕೆಗಳನ್ನು ನೋಡಿ. ಒಳ್ಳೆಯ ಬೆಲ್ಟಿನ ಪಕ್ಕೆ ಮಂಕಾಗಿರುತ್ತದೆ, ಬೆರಳಿಗೆ ಸ್ವಲ್ಪ ಹತ್ತಿದಂತಾಗುತ್ತದೆ. ಜಾರಿ ಜಾರಿ ಬೆಂದ ಬೆಲ್ಟಿನ ಪಕ್ಕೆ ಗಾಜಿನಂತೆ ಹೊಳೆಯುತ್ತದೆ, ಗಟ್ಟಿಯಾಗಿರುತ್ತದೆ. ಅಂಥದನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ತೆಗೆದು ಹೊಸದನ್ನು ಹಾಕುವುದೇ ಸರಿ. ಅಡ್ಡ ಬಿರುಕುಗಳು, ಎಳೆ ಬಿಟ್ಟ ನೂಲು, ಹರಿದ ತುಣುಕುಗಳು ಕಂಡರೂ ಹಾಗೆಯೇ. ಆದರೆ ಬಿರುಕಿಲ್ಲವೆಂದು ಸಮಾಧಾನ ಪಡುವುದು ಈಗಿನ ಕಾಲಕ್ಕೆ ಸಲ್ಲದು. ಹಿಂದಿನ ಬೆಲ್ಟುಗಳು ನಿಯೋಪ್ರೀನ್ ಎಂಬ ರಬ್ಬರಿನವು. ಮುದಿಯಾದಾಗ ಬಿರುಕು ಬಿಟ್ಟು ಸೂಚನೆ ಕೊಡುತ್ತಿದ್ದವು. ಈಗ ಗೆರೆ ಬೆಲ್ಟುಗಳಲ್ಲಿ ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರು ಬರುತ್ತದೆ. ಅದು ಬಿರುಕು ಬಿಡುವುದು ಅಪರೂಪ. ಮೋಟಾರಿನ ಟಾಯರಿನಂತೆ ಮೆಲ್ಲನೆ ಸವೆಯುತ್ತ ಹೋಗುತ್ತದೆ, ಗೆರೆಗಳ ನಡುವಿನ ಹಳ್ಳ ಅಗಲವಾಗುತ್ತದೆ, ಕಣ್ಣಿಗೆ ಹೊಸದರಂತೆಯೇ ಕಂಡರೂ ಜಾರುತ್ತದೆ.

ಬೆಲ್ಟಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಬೇಕು. ಎಂಜಿನಿನ ಮುಂದಿನ ಸೀಲು ಸೋರುತ್ತಿರಬಹುದು, ಸ್ಟಿಯರಿಂಗಿನ ಎಣ್ಣೆಯ ಪೈಪು ಸೋರುತ್ತಿರಬಹುದು. ರೇಡಿಯೇಟರಿನ ಹಸಿರು ನೀರು ಚಿಮ್ಮಿ ಅಂಟಾಗಿದ್ದರೂ ಬೆಲ್ಟು ಕೂಗುತ್ತದೆ. ನೀರಿನ ಪಂಪಿನ ಕೆಳಗೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಅದರಿಂದ ನೀರು ಜಿನುಗುತ್ತಿದ್ದರೆ ಪಂಪಿನ ಸೀಲು ಹೋಯಿತು, ಬೇರಿಂಗೂ ಅದರ ಹಿಂದೆ ಹೊರಟಿದೆ. ಕೆಲವು ಜಾಣರು ಆ ತೂತಿಗೆ ಎಂಸೀಲ್ ಮೆತ್ತಿ ಸೋರುವುದನ್ನು ನಿಲ್ಲಿಸುತ್ತಾರೆ. ಆಗ ನೀರು ಹೊರಗೆ ಬರುವ ಬದಲು ಬೇರಿಂಗಿನೊಳಕ್ಕೆ ಹೋಗುತ್ತದೆ. ಜಾಣತನ ಎಂದರೆ ಇದು!

ಬಿಗಿ ಎಷ್ಟಿರಬೇಕೆಂಬ ಪ್ರಶ್ನೆಯಲ್ಲಿ ಎರಡು ಪಂಥಗಳಿವೆ. ಒಂದು ಪಂಥದವರು ಸಡಿಲ ಬಿಡುತ್ತಾರೆ, ಇನ್ನೊಂದು ಪಂಥದವರು ತಂಬೂರಿಯ ತಂತಿಯಂತೆ ಬಿಗಿಯುತ್ತಾರೆ. ಎರಡೂ ತಪ್ಪು. ಎರಡು ಪುಲ್ಲಿಗಳ ನಡುವೆ ಎಲ್ಲಿ ಬೆಲ್ಟು ಹೆಚ್ಚು ಉದ್ದ ಬಯಲಾಗಿದೆಯೋ ಅಲ್ಲಿ, ನಟ್ಟ ನಡುವೆ, ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಹತ್ತು ಕಿಲೋ ತೂಕ ಇಟ್ಟಷ್ಟು ಒತ್ತಡ. ಆಗ ಸುಮಾರು 10ರಿಂದ 12 ಮಿಲಿಮೀಟರು, ಎಂದರೆ ಅರ್ಧ ಇಂಚಿಗೆ ಸ್ವಲ್ಪ ಕಡಿಮೆ ಬಗ್ಗಿದರೆ ಸಾಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ. ಇದಕ್ಕಿಂತ ಹೆಚ್ಚು ಬಗ್ಗಿದರೆ ಜಾರುತ್ತದೆ. ಬಗ್ಗದೇ ಇದ್ದರೆ ದನಿಯೇನೋ ನಿಲ್ಲುತ್ತದೆ, ಮಾಲೀಕನಿಗೂ ಸಂತೋಷವಾಗುತ್ತದೆ. ಆದರೆ ಆ ಎಳೆತವೆಲ್ಲ ಡೈನಮೋ ಮತ್ತು ನೀರಿನ ಪಂಪಿನ ಬೇರಿಂಗುಗಳ ಮೇಲೆ ಬಿದ್ದು ಕೆಲವು ತಿಂಗಳಲ್ಲಿ ಅವು ಹೋಗುತ್ತವೆ. ಬೆಲ್ಟಿಗೆ ಕೆಲವು ನೂರು ರೂಪಾಯಿ. ಪಂಪಿಗೂ ಡೈನಮೋಕ್ಕೂ ಅದರ ಎಷ್ಟೋ ಪಟ್ಟು.

ಬಿಗಿ ಸರಿಯಿದ್ದೂ ಕೂಗುತ್ತಿದ್ದರೆ ನೀರಿನ ಪರೀಕ್ಷೆ ಮಾಡಬಹುದು. ಇದಕ್ಕೆ ಕಾಸು ಖರ್ಚಿಲ್ಲ. ಒಂದು ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಸಾದಾ ನೀರು ತುಂಬಿಕೊಳ್ಳಿ. ಎಂಜಿನು ಮೆಲ್ಲಗೆ ಓಡುತ್ತ ದನಿ ಬರುತ್ತಿರುವಾಗ, ದೂರದಿಂದಲೇ, ಡೈನಮೋದ ಮೇಲೆ ಬೀಳದಂತೆ, ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ದನಿ ತಟಕ್ಕನೆ ನಿಂತು, ನೀರು ಒಣಗಿದೊಡನೆ ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ನೀರು ಬಿದ್ದೊಡನೆ ದನಿ ಇನ್ನೂ ಜೋರಾದರೆ ಬೆಲ್ಟು ಜಾರುತ್ತಿದೆ; ಬಿಗಿ ಸಾಲದು, ಇಲ್ಲವೆ ಬೆಲ್ಟು ಸವೆದಿದೆ. ನೀರಿನಿಂದ ಏನೂ ವ್ಯತ್ಯಾಸ ಆಗದಿದ್ದರೆ ಬೇರಿಂಗುಗಳ ಕಡೆ ತಿರುಗಬೇಕು. ಈ ಮೂರು ಮಾತುಗಳನ್ನು ಇಂದು ನೆನಪಿಟ್ಟುಕೊಂಡು ಹೋದರೂ ನಿಮ್ಮ ಬೆಳಗಿನ ಹೊತ್ತು ವ್ಯರ್ಥವಾಗಲಿಲ್ಲ.

ಸಾಲು ನೋಡಲು ನೇರವಾದ ಒಂದು ಕಬ್ಬಿಣದ ಪಟ್ಟಿ, ಅದೂ ಇಲ್ಲದಿದ್ದರೆ ಬಿಗಿಯಾಗಿ ಹಿಡಿದ ದಾರ ಸಾಕು. ಪುಲ್ಲಿಗಳ ಮುಖಕ್ಕೆ ಹಿಡಿದು ನೋಡಿದರೆ ಯಾವುದು ಒಳಕ್ಕೆ ಸರಿದಿದೆ, ಯಾವುದು ತಲೆ ಬಾಗಿಸಿದೆ ಎಂಬುದು ಕಾಣುತ್ತದೆ. ಹಳೆಯ ಗಾಡಿಯಲ್ಲಿ ಇದಕ್ಕೆ ಕಾರಣ ಬಹುಮಟ್ಟಿಗೆ ಡೈನಮೋವನ್ನು ಹಿಡಿದಿಟ್ಟ ಕಬ್ಬಿಣದ ಕೈಯೇ. ಅದರ ಬೋಲ್ಟಿನ ತೂತು ಸವೆದು ಉದ್ದವಾಗಿರುತ್ತದೆ, ಅಥವಾ ಹಿಂದೆ ರಿಪೇರಿ ಮಾಡಿದವರು ಒಂದು ವಾಶರನ್ನು ಹಾಕಲು ಮರೆತಿರುತ್ತಾರೆ. ಸಣ್ಣ ವಾಶರು, ದೊಡ್ಡ ರಗಳೆ.

ಬೇರಿಂಗು ನೋಡುವ ಬಗೆ ಹೀಗೆ. ಬೆಲ್ಟನ್ನು ಸಡಿಲಿಸಿ ತೆಗೆದಿಡಿ. ಈಗ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ. ಬೆಣ್ಣೆಯಂತೆ ತಿರುಗಿದರೆ ಒಳ್ಳೆಯದು. ಒಳಗೆ ಮರಳಿದ್ದಂತೆ ಗರಗರ ಎಂದರೆ, ಅಲ್ಲಲ್ಲಿ ತಡೆದರೆ, ಹಿಂದೆ ಮುಂದೆ ಅಲ್ಲಾಡಿಸಿದಾಗ ಲಟಲಟ ಎಂದರೆ ಅಲ್ಲಿಯೇ ರೋಗ. ಫ್ಯಾನನ್ನೂ ಎರಡು ಎದುರೆದುರು ರೆಕ್ಕೆ ಹಿಡಿದು ಅಲ್ಲಾಡಿಸಿ ನೋಡಿ. ಪಂಪಿನ ದಂಡ ಸಡಿಲವಾಗಿದ್ದರೆ ಆಗಲೇ ತಿಳಿಯುತ್ತದೆ. ಬೆಲ್ಟಿಲ್ಲದೆ ಎಂಜಿನನ್ನು ಅರ್ಧ ನಿಮಿಷ ಚಾಲೂ ಮಾಡಿಯೂ ಕೇಳಬಹುದು. ದನಿ ಆಗಲೂ ಬಂದರೆ ಬೆಲ್ಟು, ಡೈನಮೋ, ನೀರಿನ ಪಂಪು ಎಲ್ಲವೂ ನಿರಪರಾಧಿಗಳು. ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಏಕೆಂದರೆ ಆಗ ನೀರು ಸುತ್ತುತ್ತಿರುವುದಿಲ್ಲ.

ಈಗ ಹಚ್ಚುವ ವೈದ್ಯದ ಮಾತು. ಸಾಬೂನು ಹಚ್ಚಿದರೆ ದನಿ ನಿಲ್ಲುವುದು ಬೆಲ್ಟು ಇನ್ನೂ ಸುಲಭವಾಗಿ ಜಾರುವುದರಿಂದ. ಜಾರುವಿಕೆ ನಿಂತಿಲ್ಲ, ಅದರ ಕೂಗು ಮಾತ್ರ ನಿಂತಿದೆ. ಅಂಟುನೀರು ಸಿಂಪಡಿಸಿದರೆ ಒಂದೆರಡು ದಿನ ಹಿಡಿತ ಬಂದೀತು. ಆಮೇಲೆ ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿ ಮೊದಲಿಗಿಂತ ಕೇಡಾಗುತ್ತದೆ. ಗ್ರೀಸು, ಎಣ್ಣೆ ಹಚ್ಚುವವರಿಗೆ ನಾವು ಹೇಳುವುದು ಏನೂ ಇಲ್ಲ, ರಬ್ಬರು ಉಬ್ಬಿ ಮೆತ್ತಗಾಗಿ ತಾನೇ ಹೇಳುತ್ತದೆ.

ಇದನ್ನು ಇಷ್ಟು ಕಠಿಣವಾಗಿ ಹೇಳಲು ಕಾರಣವಿದೆ. ನಮ್ಮ ಸದಸ್ಯರೊಬ್ಬರು ಪುಣೆಯ ಕಡೆಯಿಂದ ತರಕಾರಿ ತುಂಬಿಕೊಂಡು ವಾಶಿಯ ಮಾರುಕಟ್ಟೆಗೆ ಬರುತ್ತಿದ್ದರು. ಎಂಟು ದಿನದಿಂದ ಬೆಲ್ಟು ಕಿರುಚುತ್ತಿತ್ತು. ಮಾಲೀಕರಿಗೆ ಹೇಳಿದರೆ, ಸಾಬೂನು ಹಚ್ಚಿ ಓಡಿಸು, ದೀಪಾವಳಿಯ ಧಾರಣೆ ಇಳಿಯುವ ಮೊದಲು ಖೇಪು ಮುಗಿಯಲಿ ಎಂಬ ಉತ್ತರ ಬಂತು. ಖಂಡಾಳಾ ದಾಟಿ ಘಾಟಿನ ಇಳಿಜಾರಿಗೆ ಬರುವ ಹೊತ್ತಿಗೆ ಮುಂದಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಎಂಜಿನು ಓಡುತ್ತಲೇ ಇತ್ತು. ಹಳೆಯ ಡೀಸೆಲ್ ಎಂಜಿನಿಗೆ ಓಡಲು ಡೈನಮೋದ ಹಂಗಿಲ್ಲ, ಆದ್ದರಿಂದ ಬೆಲ್ಟು ಹರಿದದ್ದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಎರಡು ಸಲ ಬ್ರೇಕು ಒತ್ತಿದರು, ಹಿಡಿಯಿತು. ಮೂರನೆಯ ಸಲ ಪೆಡಲು ಕಟ್ಟಿಗೆಯ ಕೊರಡಿನಂತೆ ಗಟ್ಟಿಯಾಗಿತ್ತು.

ಏಕೆ ಹೀಗಾಯಿತು ಎಂಬುದನ್ನು ಪ್ರತಿಯೊಬ್ಬ ಚಾಲಕ ತಿಳಿಯಬೇಕು. ಬ್ರೇಕು ಒತ್ತುವಾಗ ನಮ್ಮ ಕಾಲಿಗೆ ಸಹಾಯ ಮಾಡುವ ಒಂದು ದೊಡ್ಡ ಡಬ್ಬಿ ಇದೆ, ಬೂಸ್ಟರು. ಅದು ಗಾಳಿ ತೆಗೆದ ಬರಿದಿನ ಬಲದಿಂದ ಕೆಲಸ ಮಾಡುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಆ ಬರಿದು ಎಂಜಿನಿನಿಂದಲೇ ಸಿಗುತ್ತದೆ. ಡೀಸೆಲಿನಲ್ಲಿ ಅದಕ್ಕೊಂದು ಪ್ರತ್ಯೇಕ ಪಂಪು ಬೇಕು, ವ್ಯಾಕ್ಯೂಮ್ ಪಂಪು. ನಮ್ಮ ದೇಶದ ಹಲವು ಡೀಸೆಲ್ ಗಾಡಿಗಳಲ್ಲಿ ಈ ಪಂಪನ್ನು ಡೈನಮೋದ ಬೆನ್ನಿಗೇ ಕೂಡಿಸಿದ್ದಾರೆ. ಬೆಲ್ಟು ಹರಿದರೆ ಡೈನಮೋ ನಿಂತಿತು. ಡೈನಮೋ ನಿಂತರೆ ವ್ಯಾಕ್ಯೂಮ್ ನಿಂತಿತು. ಡಬ್ಬಿಯಲ್ಲಿ ಉಳಿದಿರುವುದು ಎರಡು ಮೂರು ಒತ್ತಿಗೆ ಸಾಕಾಗುತ್ತದೆ. ಅಲ್ಲಿಂದ ಮುಂದೆ ಬ್ರೇಕು ಸತ್ತಿಲ್ಲ, ಆದರೆ ಎರಡೂ ಕಾಲಿನ ಬಲ ಹಾಕಿ ತುಳಿಯಬೇಕು. ಒಂದೂವರೆ ಟನ್ನು ಮಾಲು ಬೆನ್ನ ಮೇಲೆ, ಮುಂದೆ ಇಳಿಜಾರು, ತಿರುವಿನಲ್ಲಿ ಎದುರಿನಿಂದ ಬಸ್ಸು. ನಮ್ಮ ಮಿತ್ರರು ಧೈರ್ಯಗೆಡದೆ ಎರಡನೆಯ ಗಿಯರಿಗೆ ಇಳಿಸಿ, ಕೈ ಬ್ರೇಕನ್ನು ಮೆಲ್ಲನೆ ಎಳೆಯುತ್ತ, ಗುಡ್ಡದ ಮಗ್ಗುಲಿಗೆ ಗಾಡಿ ಒರಗಿಸಿ ನಿಲ್ಲಿಸಿದರು. ಜೀವ ಉಳಿಯಿತು. ತರಕಾರಿ ಬಾಡಿದ್ದಕ್ಕೆ ಆ ತಿಂಗಳ ಪಗಾರಿನಲ್ಲಿ ಮುರಿದುಕೊಂಡರು. ಚಾಲಕ ಮೊದಲೇ ತಿಳಿಸಿರಲಿಲ್ಲ ಎಂದು ಮಾಲೀಕರು ಹೇಳಿದರು. ತಿಳಿಸಿದ್ದಕ್ಕೆ ಸಾಕ್ಷಿ ಎಲ್ಲಿದೆ?

ಆದುದರಿಂದ ಬೆಲ್ಟು ಕೂಗತೊಡಗಿದ ದಿನವೇ ಬರೆದಿಡಿ. ಖೇಪಿನ ಪುಸ್ತಕದಲ್ಲಿ ತಾರೀಖು, ಕಿಲೋಮೀಟರು, ಇಂಥ ದನಿ ಬರುತ್ತಿದೆ, ಮಾಲೀಕರಿಗೆ ತಿಳಿಸಿದೆ, ಇಷ್ಟು ಎರಡು ಸಾಲು. ಮೊಬೈಲಿನಲ್ಲಿ ಆ ದನಿಯನ್ನೇ ಹಿಡಿದು ಮಾಲೀಕರಿಗೆ ಕಳುಹಿಸಿದರೆ ಇನ್ನೂ ಒಳ್ಳೆಯದು; ಹೋದ ತಾರೀಖು ಹೊತ್ತು ಅದರಲ್ಲಿಯೇ ಇರುತ್ತದೆ, ಮಿಸ್ತ್ರಿಗೂ ಕೇಳಿಸಲು ಬರುತ್ತದೆ. ಬೆಳಿಗ್ಗೆ ಕೂಗುವ ಗಾಡಿ ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಮೌನವ್ರತ ಹಿಡಿಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ಬರೆಯಲು ಬಾರದವರು ಸಂಘದ ಕಚೇರಿಗೆ ಬಂದರೆ ಬರೆದುಕೊಡುವವರಿದ್ದಾರೆ.

ದಾರಿಯಲ್ಲಿ ಬ್ಯಾಟರಿಯ ದೀಪ ಹತ್ತಿದರೆ ಮುಂದಿನ ಊರಿನ ತನಕ ಹೋಗೋಣ ಎಂಬ ಆಸೆ ಬೇಡ. ಬ್ರೇಕಿನ ಮಾತು ಹಾಗಿರಲಿ, ನೀರಿನ ಪಂಪು ತಿರುಗದೆ ಕೆಲವೇ ಕಿಲೋಮೀಟರಿನಲ್ಲಿ ಎಂಜಿನು ಕಾದು ಹೆಡ್ಡು ಬಾಗುತ್ತದೆ. ಆ ಖರ್ಚನ್ನು ನಿಮ್ಮ ಪಗಾರಿನಿಂದ ಮುರಿಯತೊಡಗಿದರೆ ವರ್ಷವಾದರೂ ತೀರಲಿಕ್ಕಿಲ್ಲ.

ಹೊಸ ಬೆಲ್ಟು ತರುವಾಗ ಹಳೆಯದರ ಬೆನ್ನ ಮೇಲಿನ ಅಕ್ಷರಗಳನ್ನು ಓದಿ ತನ್ನಿ. ಎವಿಎಕ್ಸ್ 13 × 1000 ಎಂದಿದ್ದರೆ ಮೇಲ್ಭಾಗದ ಅಗಲ 13 ಮಿಲಿಮೀಟರು, ಉದ್ದ 1000 ಮಿಲಿಮೀಟರು. ಗೆರೆ ಬೆಲ್ಟಿನ ಮೇಲೆ 6 ಪಿಕೆ 1780 ಎಂದಿದ್ದರೆ ಆರು ಗೆರೆ, 1780 ಮಿಲಿಮೀಟರು ಉದ್ದ. ಅಗಲ ಒಂದೇ ಇದೆ ಎಂದು ಹಿಟ್ಟಿನ ಗಿರಣಿಯ ಬೆಲ್ಟನ್ನು ತಂದು ಹಾಕುವವರಿದ್ದಾರೆ. ಅದು ದೊಡ್ಡ ಪುಲ್ಲಿಗಳ ಮೇಲೆ ತಂಪಾದ ಜಾಗದಲ್ಲಿ ಓಡಲು ಮಾಡಿದ್ದು. ಡೈನಮೋದ ಪುಟ್ಟ ಪುಲ್ಲಿಯ ಸುತ್ತ, ಎಂಜಿನಿನ ಕಾವಿನಲ್ಲಿ ಬಹಳ ದಿನ ಬಾಳುವುದಿಲ್ಲ. ಎರಡು ಬೆಲ್ಟುಗಳು ಜೋಡಿಯಾಗಿ ಓಡುವ ಗಾಡಿಯಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆಯೇ ಬೀಳುತ್ತದೆ.

ಹಾಕುವಾಗ ಡೈನಮೋದ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಎಂಜಿನಿನ ಕಡೆಗೆ ಪೂರ್ತಿ ತಳ್ಳಿ, ಬೆಲ್ಟನ್ನು ಫ್ಯಾನಿನ ಒಂದೊಂದೇ ರೆಕ್ಕೆಯ ಮೇಲಿನಿಂದ ದಾಟಿಸಿ ಒಳಗೆ ತನ್ನಿ. ಸ್ಕ್ರೂ ಡ್ರೈವರಿನಿಂದ ಮೀಟಿ ಪುಲ್ಲಿಯ ಅಂಚು ಹತ್ತಿಸುವುದು ಬೇಗನೆ ಆಗುವ ಕೆಲಸವೇನೋ ನಿಜ, ಆದರೆ ಬೆಲ್ಟಿನೊಳಗಿನ ನೂಲುಗಳು ಆಗಲೇ ಹರಿದಿರುತ್ತವೆ, ಹೊರಗೆ ಕಾಣುವುದಿಲ್ಲ. ಪುಲ್ಲಿಯ ಹಳ್ಳದಲ್ಲಿ ತುಕ್ಕು ಇದ್ದರೆ ಮೊದಲೇ ಮರಳುಕಾಗದದಿಂದ ಉಜ್ಜಿ ಒರೆಸಿ. ಬಿಗಿ ಕೊಟ್ಟ ಮೇಲೆ ಹದಿನೈದು ನಿಮಿಷ ಎಂಜಿನು ಓಡಿಸಿ, ಬಂದು ಮಾಡಿ, ಮತ್ತೊಮ್ಮೆ ಹೆಬ್ಬೆರಳಿಟ್ಟು ನೋಡಬೇಕು. ಹೊಸ ಬೆಲ್ಟು ಹಳ್ಳದಲ್ಲಿ ಕೂತು ಸ್ವಲ್ಪ ಸಡಿಲವಾಗಿರುತ್ತದೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ. ಹೊಸ ಬೆಲ್ಟೇ ಕೂಗುತ್ತದೆ, ಮಾಲು ಖೋಟಾ ಎಂದು ಅಂಗಡಿಯವರೊಡನೆ ಜಗಳಾಡುವ ಅನೇಕ ಮಂದಿ ಈ ಎರಡನೆಯ ಬಿಗಿಯನ್ನು ಮಾಡಿಯೇ ಇರುವುದಿಲ್ಲ. ಸೀಟಿನ ಹಿಂದೆ ಒಂದು ಹೊಸ ಬೆಲ್ಟು, ಅದಕ್ಕೆ ಬೇಕಾದ ಪಾನಾಗಳು ಸದಾ ಇರಲಿ. ಬಿಚ್ಚಿದ ಹಳೆಯದನ್ನು ಮುಂದೆ ಬೇಕಾದೀತೆಂದು ಸುತ್ತಿಡುವುದು ಬೇಡ.

ಮೇಜಿನ ಮೇಲೆ ಐದು ಬೆಲ್ಟುಗಳನ್ನು ತಂದಿಟ್ಟಿದ್ದೇವೆ. ಒಂದು ಹೊಸದು, ಒಂದು ಗಾಜಿನಂತೆ ಬೆಂದದ್ದು, ಒಂದು ಬಿರುಕು ಬಿಟ್ಟದ್ದು, ಒಂದು ಎಣ್ಣೆ ಕುಡಿದು ಉಬ್ಬಿದ್ದು, ಒಂದು ಸ್ಕ್ರೂ ಡ್ರೈವರಿನಿಂದ ಮೀಟಿ ನೂಲು ಹರಿದದ್ದು. ಈ ಕೊನೆಯದನ್ನು ಕೊಯ್ದು ಒಳಗನ್ನು ಬಿಚ್ಚಿಟ್ಟಿದ್ದೇವೆ. ಚಹಾ ಬರುವುದರೊಳಗೆ ಒಬ್ಬೊಬ್ಬರಾಗಿ ಬಂದು ಬೆರಳಿನಿಂದ ಮುಟ್ಟಿ ನೋಡಿ. ನೀರಿನ ಪರೀಕ್ಷೆಗೆ ಕೆಳಗೆ ಅಂಗಳದಲ್ಲಿ ಒಂದು ಟೆಂಪೋ ನಿಲ್ಲಿಸಿದೆ. ಬಾಟಲಿ ಹಿಡಿಯಲು ಇಬ್ಬರು ಮುಂದೆ ಬರಬೇಕು, ಕೊರಳ ಟವೆಲು ಇಲ್ಲಿಯೇ ಬಿಟ್ಟು.